ಕ್ರಿಯಾಪದ ಕೊನೆಗೆ ಬರುವ ಭಾಷೆ: ಸಿ ಭಾಷೆಗೆ ಅನುವಾದಗೊಳ್ಳುವ ಪುಟ್ಟ ಸ್ಟ್ಯಾಕ್ ಭಾಷೆಯನ್ನು ಕಟ್ಟುವ ಬಗೆ

ಮಂಡ್ಯದ ಕನ್ನಡ ಶಾಲೆಯಲ್ಲಿ ನಮಗೆ ಲೆಕ್ಕ ಕಲಿಸಿದ ಮೇಷ್ಟ್ರು ಬಾಯಿಲೆಕ್ಕ ಕೇಳುತ್ತಿದ್ದ ಕ್ರಮ ನನಗೆ ಇಂದಿಗೂ ನೆನಪಿದೆ: “ಹತ್ತರಲ್ಲಿ ಮೂರು ಕಳೆ, ಬಂದದ್ದಕ್ಕೆ ಐದು ಕೂಡು, ಅದನ್ನು ಎರಡರಿಂದ ಗುಣಿಸು.” ಇಲ್ಲಿ ಸಂಖ್ಯೆಗಳು ಮೊದಲು ಬರುತ್ತವೆ, ಮಾಡಬೇಕಾದ ಕೆಲಸ ಕೊನೆಗೆ ಬರುತ್ತದೆ, ಮತ್ತು ‘ಬಂದದ್ದು’ ಎಂಬ ಒಂದು ಮಾತು ಹಿಂದಿನ ಉತ್ತರಕ್ಕೆ ಹೆಸರನ್ನೇ ಇಡದೆ ಅದನ್ನು ಮುಂದಿನ ಲೆಕ್ಕಕ್ಕೆ ಒಪ್ಪಿಸುತ್ತದೆ. ವಿಭಕ್ತಿ ಪ್ರತ್ಯಯಗಳನ್ನು ಕಳಚಿದರೆ ಉಳಿಯುವುದು ಇಷ್ಟೇ:

    10 3 ಕಳೆ 5 ಕೂಡು 2 ಗುಣಿಸು

ಸ್ಟ್ಯಾಕ್ ಎಂದರೆ ಒಂದರ ಮೇಲೊಂದು ಇಟ್ಟು, ಮೇಲಿನಿಂದಲೇ ತೆಗೆಯುವ ರಾಶಿ. ಅದನ್ನು ಆಧರಿಸಿದ ಭಾಷೆಯೊಂದರಲ್ಲಿ ಇದು ಪೂರ್ಣ ಪ್ರೋಗ್ರಾಂ. ಸಂಖ್ಯೆ ಕಂಡರೆ ಅದನ್ನು ಸ್ಟ್ಯಾಕಿನ ಮೇಲೆ ಇಡುವುದು, ಪದ ಕಂಡರೆ ಬೇಕಾದಷ್ಟು ಸಂಖ್ಯೆಗಳನ್ನು ಮೇಲಿನಿಂದ ತೆಗೆದು ಉತ್ತರವನ್ನು ಮತ್ತೆ ಮೇಲಿಡುವುದು ಎಂಬ ಎರಡೇ ನಿಯಮಗಳಿಂದ 24 ಎಂಬ ಉತ್ತರ ಬರುತ್ತದೆ. ಆವರಣ ಚಿಹ್ನೆಗಳಾಗಲಿ, ಗುಣಾಕಾರ ಮೊದಲೋ ಸಂಕಲನ ಮೊದಲೋ ಎಂಬ ಆದ್ಯತೆಯ ನಿಯಮಗಳಾಗಲಿ ಬೇಕಾಗುವುದಿಲ್ಲ. ಚಾರ್ಲ್ಸ್ ಮೂರ್ ಅವರು 1970ರ ಸುಮಾರಿಗೆ ರೂಪಿಸಿದ ಫೋರ್ತ್ ಭಾಷೆ, 1972ರಲ್ಲಿ ಬಂದ ಹ್ಯೂಲೆಟ್ ಪ್ಯಾಕರ್ಡ್‌ನ ಎಚ್‌ಪಿ-35 ಕ್ಯಾಲ್ಕುಲೇಟರ್, ಮುದ್ರಣ ಯಂತ್ರಗಳಿಗಾಗಿ ಅಡೋಬಿ ಸಂಸ್ಥೆ ತಂದ ಪೋಸ್ಟ್‌ಸ್ಕ್ರಿಪ್ಟ್ ಇವೆಲ್ಲ ಇದೇ ದಾರಿಯವು. ಇಂಗ್ಲಿಷ್ ಬಲ್ಲವರಿಗೆ ಈ ಕ್ರಮ ತಲೆಕೆಳಗಾಗಿ ಕಾಣುತ್ತದೆ ಎಂದು ಪಠ್ಯಗಳು ಮೊದಲೇ ಎಚ್ಚರಿಸುವುದುಂಟು. ಕನ್ನಡಿಗರಿಗೆ ಆ ಎಚ್ಚರಿಕೆ ಬೇಕಿಲ್ಲ, ಏಕೆಂದರೆ ನಮ್ಮ ವಾಕ್ಯದಲ್ಲಿ ಕ್ರಿಯಾಪದ ಇರುವುದೇ ಕೊನೆಯಲ್ಲಿ. ಆದುದರಿಂದ ಮೊದಲ ಬಾರಿಗೆ ಕಂಪೈಲರ್ (ಒಂದು ಭಾಷೆಯ ಪ್ರೋಗ್ರಾಮನ್ನು ಇನ್ನೊಂದಕ್ಕೆ ಅನುವಾದಿಸುವ ತಂತ್ರಾಂಶ) ಬರೆಯಬಯಸುವ ಕನ್ನಡಿಗನು ಸ್ಟ್ಯಾಕ್ ಭಾಷೆಯಿಂದಲೇ ಆರಂಭಿಸಬೇಕು, ಅದರ ಪದಗಳನ್ನು ಕನ್ನಡದಲ್ಲೇ ಇಡಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ನಾವು ಕಟ್ಟುವ ಭಾಷೆಯನ್ನು ‘ಪೇರು’ ಎಂದು ಕರೆಯೋಣ. ಒಂದರ ಮೇಲೊಂದು ಪೇರಿಸುವುದು ಎಂಬ ಮಾತಿನಿಂದ ಬಂದ ಹೆಸರು ಅದು. ನಮ್ಮ ಕಡೆಯ ಹುಲ್ಲಿನ ‘ಮೆದೆ’ ಎಂಬ ಪದವನ್ನೂ ನಾನು ಯೋಚಿಸಿದ್ದೆ. ಆದರೆ ಮೆದೆಯಿಂದ ಹುಲ್ಲನ್ನು ಪಕ್ಕದಿಂದಲೂ ಎಳೆಯುತ್ತಾರೆ. ಸ್ಟ್ಯಾಕಿನಲ್ಲಿ ಮೇಲಿನದನ್ನು ಬಿಟ್ಟು ಬೇರೆಯದನ್ನು ಮುಟ್ಟುವಂತಿಲ್ಲವಾದ್ದರಿಂದ ಆ ಹೋಲಿಕೆ ತಪ್ಪು ದಾರಿಗೆ ಒಯ್ಯುತ್ತದೆ.

ಕಂಪೈಲರನ್ನು ಪೈಥಾನ್‌ನಲ್ಲಿ ಬರೆಯೋಣ. ಅದು ಪೇರು ಕಡತವನ್ನು ಓದಿ ಒಂದು ಸಿ ಕಡತವನ್ನು ಬರೆಯುತ್ತದೆ. ಆಮೇಲಿನದನ್ನು ಜಿಸಿಸಿ ಎಂಬ ಸಿ ಕಂಪೈಲರ್ ನೋಡಿಕೊಳ್ಳುತ್ತದೆ. ನೇರವಾಗಿ ಯಂತ್ರಭಾಷೆಗೆ ಹೋಗದೆ ಸಿ ಭಾಷೆಯ ಮೂಲಕ ಹೋಗುವುದು ಸೋಮಾರಿತನವಲ್ಲ. ಸಿ++ ಭಾಷೆಯ ಮೊದಲ ಕಂಪೈಲರ್ ಆದ ಸಿಫ್ರಂಟ್ ಕೂಡ ಸಿ ಸಂಕೇತವನ್ನೇ ಬರೆಯುತ್ತಿತ್ತು. ಸಿ ಕಂಪೈಲರ್ ಇರುವ ಯಾವುದೇ ಯಂತ್ರದಲ್ಲಿ ನಮ್ಮ ಭಾಷೆ ಓಡುತ್ತದೆ, ಮತ್ತು ಹಲವು ದಶಕಗಳಿಂದ ತಿದ್ದಿ ತೀಡಿದ ವೇಗವರ್ಧನೆಯ ಕೆಲಸ ನಮಗೆ ಪುಕ್ಕಟೆಯಾಗಿ ದೊರೆಯುತ್ತದೆ.

ಉದಾಹರಣೆ: ಅಣೆಕಟ್ಟೆಯ ನೀರು

ಕಲಿಯುವಾಗ ಕೈಯಲ್ಲೊಂದು ನಿಜವಾದ ಲೆಕ್ಕ ಇರಬೇಕು. ಮುಂಗಾರಿನ ದಿನಗಳಲ್ಲಿ ಮಂಡ್ಯದ ಮನೆಗಳಲ್ಲಿ ಪತ್ರಿಕೆ ಕೈಗೆ ಬಂದೊಡನೆ ನೋಡುವುದು ಕೃಷ್ಣರಾಜಸಾಗರದ ನೀರಿನ ಮಟ್ಟವನ್ನು: ಗರಿಷ್ಠ 124.80 ಅಡಿ, ಇಂದಿನದು ಇಷ್ಟು, ಒಳಹರಿವು ಇಷ್ಟು ಕ್ಯೂಸೆಕ್, ಹೊರಹರಿವು ಇಷ್ಟು. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ. ದಿನಕ್ಕೆ 86,400 ಸೆಕೆಂಡುಗಳಾದ್ದರಿಂದ ಒಳಹರಿವಿನಲ್ಲಿ ಹೊರಹರಿವನ್ನು ಕಳೆದು 86,400ರಿಂದ ಗುಣಿಸಿದರೆ ದಿನವೊಂದರಲ್ಲಿ ಅಣೆಕಟ್ಟೆಗೆ ಸೇರಿದ ನೀರು ಘನ ಅಡಿಗಳಲ್ಲಿ ಸಿಗುತ್ತದೆ. ಅಂತಹ 100 ಕೋಟಿ ಘನ ಅಡಿಗೆ ಒಂದು ಟಿಎಂಸಿ. ಪೇರು ಭಾಷೆಯಲ್ಲಿ ಇದನ್ನು ಹೀಗೆ ಬರೆಯುವಂತಾಗಬೇಕು:

    ದಿನದ_ನೀರು ಎಂದರೆ 86400 ಗುಣಿಸು ಅಷ್ಟೆ

    ನೀರಿನ_ಸ್ಥಿತಿ ಎಂದರೆ
      ಕಳೆ ನಕಲು 0 ಕಡಿಮೆ
      ಆದರೆ "ಇಳಿಕೆ " ಇಲ್ಲವಾದರೆ "ಏರಿಕೆ " ಮುಗಿಯಿತು
      ದಿನದ_ನೀರು ಹೇಳು
    ಅಷ್ಟೆ

    30000 5000 ನೀರಿನ_ಸ್ಥಿತಿ

‘ನಕಲು’ ಮೇಲಿನ ಸಂಖ್ಯೆಯ ಇನ್ನೊಂದು ಪ್ರತಿಯನ್ನು ಇಡುತ್ತದೆ. ‘ಕಡಿಮೆ’ ಎರಡು ಸಂಖ್ಯೆಗಳನ್ನು ಹೋಲಿಸಿ ಮೊದಲನೆಯದು ಕಿರಿದಾಗಿದ್ದರೆ 1, ಇಲ್ಲವೇ 0 ಕೊಡುತ್ತದೆ. ‘ಹೇಳು’ ಮೇಲಿನ ಸಂಖ್ಯೆಯನ್ನು ತೆಗೆದು ಪರದೆಗೆ ಬರೆಯುತ್ತದೆ. ಉದ್ಧರಣ ಚಿಹ್ನೆಯೊಳಗಿನ ಮಾತು ಸ್ಟ್ಯಾಕಿಗೆ ಹೋಗದೆ ನೇರವಾಗಿ ಪರದೆಗೆ ಹೋಗುತ್ತದೆ. ‘ಆದರೆ’ ಪದ ಷರತ್ತಿನ ನಂತರ ಬರುವುದನ್ನು ಗಮನಿಸಿ. ‘ಮಳೆ ಬಂದರೆ’ ಎನ್ನುವಾಗ ‘ಅರೆ’ ಎಂಬ ಪ್ರತ್ಯಯ ಕ್ರಿಯೆಯ ಬಾಲಕ್ಕೆ ಅಂಟಿಕೊಳ್ಳುವ ಹಾಗೆಯೇ ಇಲ್ಲಿಯೂ ಆಗಿದೆ. ಫೋರ್ತ್ ಭಾಷೆಯಲ್ಲಿಯೂ ಇಫ್ ಪದ ಷರತ್ತಿನ ನಂತರವೇ ಬರುತ್ತದೆ, ಆದರೆ ಅಲ್ಲಿ ಅದು ಇಂಗ್ಲಿಷಿನ ಸಹಜ ಕ್ರಮವನ್ನು ಮುರಿಯುತ್ತದೆ. ಕನ್ನಡದಲ್ಲಿ ಏನೂ ಮುರಿಯುವುದಿಲ್ಲ.

ಮೊದಲ ಹೆಜ್ಜೆ: ಪದಗಳನ್ನು ಬಿಡಿಸುವುದು

ಪೇರು ಭಾಷೆಯ ವ್ಯಾಕರಣ ಇಷ್ಟೇ: ಖಾಲಿ ಜಾಗದಿಂದ ಬೇರ್ಪಟ್ಟ ಪ್ರತಿಯೊಂದೂ ಒಂದು ಪದ. ಉದ್ಧರಣ ಚಿಹ್ನೆಯೊಳಗಿನ ಮಾತಿನಲ್ಲಿ ಖಾಲಿ ಜಾಗ ಇರಬಹುದಾದ್ದರಿಂದ ಅದೊಂದನ್ನು ಮಾತ್ರ ಪ್ರತ್ಯೇಕವಾಗಿ ನೋಡಿಕೊಳ್ಳಬೇಕು. ಪ್ರತಿ ಪದದ ಜೊತೆಗೆ ಅದರ ಸಾಲಿನ ಸಂಖ್ಯೆಯನ್ನೂ ಉಳಿಸಿಕೊಳ್ಳಿ. ಇದನ್ನು ಆಮೇಲೆ ಸೇರಿಸೋಣ ಎಂದು ಬಿಟ್ಟವರು ಇಡೀ ಕಂಪೈಲರನ್ನು ಮತ್ತೆ ಬಿಚ್ಚಬೇಕಾಗುತ್ತದೆ.

ಕನ್ನಡದಲ್ಲಿ ಬರೆಯುವ ಭಾಷೆಗೆ ನಿಜವಾದ ತೊಡಕು ಇರುವುದು ಬೇರೆಡೆ. ಕಣ್ಣಿಗೆ ಒಂದೇ ಆಗಿ ಕಾಣುವ ಎರಡು ಪದಗಳು ಕಂಪ್ಯೂಟರಿಗೆ ಬೇರೆ ಬೇರೆ ಆಗಿರಬಹುದು. ಯೂನಿಕೋಡ್‌ನಲ್ಲಿ ಒತ್ವದ ಚಿಹ್ನೆಯನ್ನು ಒಂದೇ ಸಂಕೇತವಾಗಿ ಬರೆಯಬಹುದು. ಎತ್ವ ಮತ್ತು ಊತ್ವದ ಎರಡು ಚಿಹ್ನೆಗಳನ್ನು ಅಕ್ಕಪಕ್ಕ ಇಟ್ಟೂ ಬರೆಯಬಹುದು. ‘ಕೊಡು’ ಎಂಬ ಪದವನ್ನು ಈ ಎರಡೂ ಬಗೆಗಳಲ್ಲಿ ಟೈಪ್ ಮಾಡಿದರೆ ಪರದೆಯ ಮೇಲೆ ವ್ಯತ್ಯಾಸವೇ ಕಾಣುವುದಿಲ್ಲ, ಆದರೆ ಹೋಲಿಕೆ ಸೋಲುತ್ತದೆ. ಓತ್ವ, ಏತ್ವ, ಐತ್ವ, ಈತ್ವಗಳಿಗೂ ಇದೇ ಮಾತು ಸಲ್ಲುತ್ತದೆ. ಪೈಥಾನ್‌ನ ಯೂನಿಕೋಡ್‌ಡೇಟಾ ಮಾಡ್ಯೂಲಿನಲ್ಲಿರುವ ನಾರ್ಮಲೈಸ್ ಫಂಕ್ಷನ್ನಿಗೆ ‘ಎನ್‌ಎಫ್‌ಸಿ’ ಎಂಬ ರೂಪವನ್ನು ಹೇಳಿದರೆ ಇವೆಲ್ಲವೂ ಒಂದೇ ಅಚ್ಚಿಗೆ ಬರುತ್ತವೆ.

ಅಷ್ಟಕ್ಕೇ ಮುಗಿಯುವುದಿಲ್ಲ. ಕೆಲವು ಕೀಲಿಮಣೆ ತಂತ್ರಾಂಶಗಳು ಅರ್ಧಾಕ್ಷರಗಳ ನಡುವೆ ಅಗಲವೇ ಇಲ್ಲದ ಎರಡು ಅದೃಶ್ಯ ಅಕ್ಷರಗಳನ್ನು ಸೇರಿಸುತ್ತವೆ: ಬೆಸೆಯುವ ಜಾಯಿನರ್ ಮತ್ತು ಬೇರ್ಪಡಿಸುವ ನಾನ್-ಜಾಯಿನರ್. ಯೂನಿಕೋಡ್ ಪಟ್ಟಿಯಲ್ಲಿ ಇವುಗಳ ಕ್ರಮಾಂಕ ದಶಮಾನದಲ್ಲಿ 8205 ಮತ್ತು 8204. ಎನ್‌ಎಫ್‌ಸಿ ಇವುಗಳನ್ನು ತೆಗೆಯುವುದಿಲ್ಲ. ಪದಗಳನ್ನು ಹುಡುಕುವ ಮುನ್ನ ನಾವೇ ತೆಗೆಯಬೇಕು, ಆದರೆ ಉದ್ಧರಣ ಚಿಹ್ನೆಯೊಳಗೆ ಕೈ ಹಾಕಬಾರದು. ಅಲ್ಲಿ ಅವು ಅಕ್ಷರಗಳ ರೂಪವನ್ನೇ ನಿರ್ಧರಿಸುತ್ತವೆ, ಮತ್ತು ಬರೆದವರು ಬರೆದಂತೆಯೇ ಪರದೆಗೆ ಬರಬೇಕು. ಹಳೆಯ ನುಡಿ ಅಥವಾ ಬರಹ ಫಾಂಟ್ ಸಂಕೇತದಲ್ಲಿ ಟೈಪ್ ಮಾಡಿದ ಕಡತವಾದರೆ ಅದರಲ್ಲಿರುವುದು ಯೂನಿಕೋಡ್ ಕನ್ನಡವೇ ಅಲ್ಲ. ಅದನ್ನು ಮೊದಲು ಪರಿವರ್ತಿಸಿಕೊಳ್ಳಬೇಕು.

ಸಂಖ್ಯೆಗಳ ವಿಷಯ ಸುಲಭ. ಪೈಥಾನ್‌ನ ಇಂಟ್ ಫಂಕ್ಷನ್ ‘೩೦’ ಎಂಬ ಕನ್ನಡ ಅಂಕಿಗಳನ್ನೂ 30 ಎಂದೇ ಓದುತ್ತದೆ, ಆದುದರಿಂದ ಎರಡೂ ಬಗೆಯ ಅಂಕಿಗಳಿಗೆ ನಮ್ಮ ಭಾಷೆಯಲ್ಲಿ ಜಾಗವಿದೆ. ಪದವೊಂದು ಸಂಖ್ಯೆಯೇ ಎಂದು ಪರೀಕ್ಷಿಸಲು ಮಾತ್ರ ಈಸ್‌ಡಿಜಿಟ್ ಬದಲು ಈಸ್‌ಡೆಸಿಮಲ್ ಬಳಸಿ: ಮೊದಲನೆಯದು ವರ್ಗದ ಘಾತಾಂಕವಾಗಿ ಬರೆಯುವ ಪುಟ್ಟ 2ನ್ನೂ ಅಂಕಿ ಎಂದು ಒಪ್ಪಿಕೊಳ್ಳುತ್ತದೆ, ಇಂಟ್ ಅದನ್ನು ಒಪ್ಪುವುದಿಲ್ಲ.

ಎರಡನೆಯ ಹೆಜ್ಜೆ: ಮೂಲಪದಗಳಿಗೆ ಸಿ ಸಂಕೇತ

ಸಿ ಕಡತದ ಆರಂಭದಲ್ಲಿ ಸಂಖ್ಯೆಗಳನ್ನಿಡಲು ಒಂದು ಅರೇ ಇರಲಿ, ಮೇಲಿನ ಖಾಲಿ ಮನೆ ಯಾವುದೆಂದು ತೋರಿಸಲು ಒಂದು ಸೂಚಿ ಇರಲಿ. ಅರೇಯ ಮನೆಗಳ ಬಗೆಯನ್ನು ಆರಿಸುವಲ್ಲಿ ಅವಸರ ಬೇಡ. ಮೇಲಿನ ಉದಾಹರಣೆಯಲ್ಲಿ 30,000 ಕ್ಯೂಸೆಕ್ ಒಳಹರಿವಿನಲ್ಲಿ 5,000 ಕಳೆದರೆ 25,000. ಅದನ್ನು 86,400ರಿಂದ ಗುಣಿಸಿದರೆ 216 ಕೋಟಿ ಘನ ಅಡಿ, ಅಂದರೆ 2.16 ಟಿಎಂಸಿ. 32 ಬಿಟ್‌ನ ಪೂರ್ಣಾಂಕದ ಮಿತಿ 2,14,74,83,647. ನಮ್ಮ ಉತ್ತರ ಅದನ್ನು ಮೀರಿತು. ಸಿ ಭಾಷೆಯ ಪ್ರಕಾರ ಹೀಗೆ ಮಿತಿ ಮೀರಿದಾಗ ಏನಾಗಬೇಕೆಂಬ ನಿಯಮವೇ ಇಲ್ಲ. ಸಾಮಾನ್ಯವಾಗಿ ಕಾಣುವುದು −2,13,49,67,296 ಎಂಬ ಋಣ ಸಂಖ್ಯೆ, ಅಂದರೆ ತುಂಬುತ್ತಿರುವ ಅಣೆಕಟ್ಟೆ ಬರಿದಾಗುತ್ತಿದೆ ಎಂಬ ಲೆಕ್ಕ. ಆದುದರಿಂದ 64 ಬಿಟ್‌ನ ಪೂರ್ಣಾಂಕವೇ ಬೇಕು. ‘ಲಾಂಗ್’ ಎಂಬ ಬಗೆಯನ್ನು ನಂಬಬೇಡಿ, ಏಕೆಂದರೆ 64 ಬಿಟ್‌ನ ಲಿನಕ್ಸ್‌ನಲ್ಲಿ ಅದು 64 ಬಿಟ್, ವಿಂಡೋಸ್‌ನಲ್ಲಿ 32 ಬಿಟ್. ಅಗಲವನ್ನು ಹೆಸರಿನಲ್ಲೇ ಹೇಳುವ, ಸ್ಟ್ಯಾಂಡರ್ಡ್ ಹೆಡರ್ ಕಡತದಲ್ಲಿರುವ ಬಗೆಯನ್ನೇ (int64_t) ಬಳಸಿ.

ಈಗ ಮೊದಲ ಬಾರಿ ಕಂಪೈಲರ್ ಬರೆಯುವವರಲ್ಲಿ ಬಹುಮಂದಿ ಎಡವುವ ಜಾಗಕ್ಕೆ ಬರೋಣ. ‘ತೆಗೆ’ ಮತ್ತು ‘ಇಡು’ ಎಂಬ ಎರಡು ಸಿ ಫಂಕ್ಷನ್‌ಗಳನ್ನು ಬರೆದುಕೊಂಡು, ಕೂಡು ಎಂಬುದಕ್ಕೆ ‘ತೆಗೆ + ತೆಗೆ’, ಕಳೆ ಎಂಬುದಕ್ಕೆ ‘ತೆಗೆ − ತೆಗೆ’ ಎಂದು ಸಂಕೇತ ಬರೆಯುವುದು ಯಾರಿಗೂ ಸಹಜವಾಗಿ ತೋರುವ ದಾರಿ. ಕೂಡು ಸರಿಯಾಗಿಯೇ ನಡೆಯುತ್ತದೆ. ‘10 3 ಕಳೆ’ ಮಾತ್ರ ಒಂದು ಯಂತ್ರದಲ್ಲಿ 7, ಇನ್ನೊಂದರಲ್ಲಿ −7 ಕೊಡಬಹುದು. ಕಳೆಯುವ ಚಿಹ್ನೆಯ ಎಡ ಬಲಗಳಲ್ಲಿ ಯಾವ ಫಂಕ್ಷನ್ ಮೊದಲು ಓಡಬೇಕು ಎಂಬುದನ್ನು ಸಿ ಭಾಷೆ ನಿಗದಿಪಡಿಸಿಲ್ಲ. ಅದು ಸಿ ಕಂಪೈಲರಿನ ಇಷ್ಟಕ್ಕೆ ಬಿಟ್ಟದ್ದು. ಸಂಕಲನ ಗುಣಾಕಾರಗಳಲ್ಲಿ ಕ್ರಮ ಬದಲಾದರೂ ಉತ್ತರ ಬದಲಾಗದ ಕಾರಣ ಈ ದೋಷ ಅಡಗಿ ಕುಳಿತಿರುತ್ತದೆ. ನಾನು ಅನುಸರಿಸುವ ಬಗೆ ಹೀಗಿದೆ: ತೆಗೆಯುವ ಫಂಕ್ಷನ್ನೇ ಬೇಡ, ಮೇಲಿನಿಂದ ಎರಡನೆಯ ಮನೆಯ ಸಂಖ್ಯೆಯಲ್ಲಿ ಮೇಲಿನ ಮನೆಯ ಸಂಖ್ಯೆಯನ್ನು ಕಳೆದು, ಉತ್ತರವನ್ನು ಆ ಎರಡನೆಯ ಮನೆಯಲ್ಲೇ ಬರೆದು, ಮುಂದಿನ ಪ್ರತ್ಯೇಕ ವಾಕ್ಯದಲ್ಲಿ ಸೂಚಿಯನ್ನು ಒಂದು ಇಳಿಸಬೇಕು. ಆಗ ಕ್ರಮದ ಗೊಂದಲಕ್ಕೆ ಎಡೆಯೇ ಇರುವುದಿಲ್ಲ.

ಭಾಗಾಕಾರಕ್ಕೆ ಹೆಚ್ಚಿನ ಎಚ್ಚರ ಬೇಕು. ಭಾಜಕ ಸೊನ್ನೆಯಾಗಿದ್ದರೆ ಸಾಲಿನ ಸಂಖ್ಯೆಯನ್ನು ಹೇಳಿ ನಿಲ್ಲುವಂತೆ ಸಿ ಸಂಕೇತದಲ್ಲಿಯೇ ಒಂದು ಪರೀಕ್ಷೆಯನ್ನು ಇಡಿ. ಇನ್ನೊಂದು ಸೂಕ್ಷ್ಮವಿದೆ: −7ನ್ನು 2ರಿಂದ ಭಾಗಿಸಿದರೆ ಸಿ ಭಾಷೆ −3 ಕೊಡುತ್ತದೆ, ಪೈಥಾನ್‌ನ ಪೂರ್ಣಾಂಕ ಭಾಗಾಕಾರ −4 ಕೊಡುತ್ತದೆ. ಸ್ಥಿರ ಸಂಖ್ಯೆಗಳ ಲೆಕ್ಕವನ್ನು ಕಂಪೈಲರಿನಲ್ಲೇ ಮಾಡಿ ಮುಗಿಸುವ ಆಸೆ ಯಾರಿಗಾದರೂ ಬಂದೀತು. ಅದನ್ನು ಜಿಸಿಸಿಗೇ ಬಿಡಿ, ಅದು ಹೇಗೂ ಮಾಡುತ್ತದೆ.

ಉದ್ಧರಣದ ಮಾತನ್ನು ಪರದೆಗೆ ಬರೆಯಲು ಪ್ರಿಂಟ್‌ಎಫ್‌ಗೆ ಮೊದಲ ಅಂಶವಾಗಿ ಕೊಡಬೇಡಿ. ಮಾತಿನಲ್ಲಿ ಶೇಕಡಾ ಚಿಹ್ನೆ ಇದ್ದರೆ ಅದನ್ನು ಪ್ರಿಂಟ್‌ಎಫ್ ಆದೇಶವೆಂದು ತಿಳಿಯುತ್ತದೆ. ಎಫ್‌ಪುಟ್ಸ್ ಸಾಕು.

ಮೂರನೆಯ ಹೆಜ್ಜೆ: ಹೊಸ ಪದಗಳು ಮತ್ತು ಕವಲುಗಳು

‘ದಿನದ_ನೀರು ಎಂದರೆ … ಅಷ್ಟೆ’ ಎಂಬ ರಚನೆಯಲ್ಲಿ ಹೆಸರು ಮೊದಲು ಬರುತ್ತದೆ. ಆದುದರಿಂದ ಕಂಪೈಲರ್ ಪ್ರತಿ ಪದವನ್ನು ಓದುವಾಗಲೂ ಮುಂದಿನ ಪದ ‘ಎಂದರೆ’ ಆಗಿದೆಯೇ ಎಂದು ಇಣುಕಿ ನೋಡಬೇಕು. ಆಗಿದ್ದರೆ ಇದು ನಿರೂಪಣೆ. ‘ಅಷ್ಟೆ’ ಬರುವವರೆಗಿನದೆಲ್ಲ ಒಂದು ಸಿ ಫಂಕ್ಷನ್ನಿನ ಒಡಲಾಗುತ್ತದೆ. ಆ ಫಂಕ್ಷನ್ ಏನನ್ನೂ ಪಡೆಯುವುದಿಲ್ಲ, ಏನನ್ನೂ ಹಿಂದಿರುಗಿಸುವುದಿಲ್ಲ. ಕೊಡುಕೊಳ್ಳುವುದೆಲ್ಲ ಸ್ಟ್ಯಾಕಿನ ಮೂಲಕವೇ ನಡೆಯುತ್ತದೆ. ಜಿಸಿಸಿ ತನ್ನ 10ನೆಯ ಆವೃತ್ತಿಯಿಂದ ಫಂಕ್ಷನ್ನಿನ ಹೆಸರುಗಳಲ್ಲಿ ಕನ್ನಡ ಅಕ್ಷರಗಳನ್ನು ನೇರವಾಗಿ ಒಪ್ಪುತ್ತದೆ. ಆದರೂ ಸಿ ಕಡತದಲ್ಲಿ ಒಂದು ಅಕ್ಷರ ಮತ್ತು ಕ್ರಮಸಂಖ್ಯೆಯ ಹೆಸರು ಕೊಟ್ಟು, ಮೂಲ ಹೆಸರನ್ನು ಪಕ್ಕದಲ್ಲಿ ಟಿಪ್ಪಣಿಯಾಗಿ ಬರೆಯುವುದೇ ಕ್ಷೇಮ, ಏಕೆಂದರೆ ಹಳೆಯ ಕಂಪೈಲರ್‌ಗಳು ಇನ್ನೂ ಬಳಕೆಯಲ್ಲಿವೆ.

ಕವಲುಗಳಿಗೆ ಸಿ ಭಾಷೆಯ ರಚನೆಯೇ ಒದಗಿಬರುತ್ತದೆ. ‘ಆದರೆ’ ಕಂಡಾಗ ಮೇಲಿನ ಸಂಖ್ಯೆಯನ್ನು ತೆಗೆದು ಅದು ಸೊನ್ನೆಯಲ್ಲದಿದ್ದರೆ ಎಂಬ ಇಫ್ ವಾಕ್ಯವನ್ನೂ ತೆರೆಯುವ ‘{’ ಚಿಹ್ನೆಯನ್ನೂ ಬರೆಯಿರಿ; ‘ಇಲ್ಲವಾದರೆ’ ಕಂಡಾಗ ಅದನ್ನು ಮುಚ್ಚಿ ಎಲ್ಸ್ ತೆರೆಯಿರಿ; ‘ಮುಗಿಯಿತು’ ಕಂಡಾಗ ‘}’ ಬರೆಯಿರಿ. ಸುತ್ತುಗಳಿಗೂ ಹೀಗೆಯೇ:

    5 ಸುತ್ತು ನಕಲು ಹೇಳು 1 ಕಳೆ ನಕಲು 0 ಸಮ ತನಕ ಬಿಡು

ಇದು 5ರಿಂದ 1ರವರೆಗೆ ಎಣಿಸುತ್ತದೆ. ‘ಸಮ’ ಎರಡು ಸಂಖ್ಯೆಗಳು ಒಂದೇ ಆಗಿದ್ದರೆ 1, ಇಲ್ಲವೇ 0 ಕೊಡುತ್ತದೆ; ‘ಬಿಡು’ ಮೇಲಿನ ಸಂಖ್ಯೆಯನ್ನು ತೆಗೆದುಹಾಕುತ್ತದೆ. ‘ಸುತ್ತು’ ಎಂಬುದು ಡೂ, ‘ತನಕ’ ಎಂಬುದು ವೈಲ್. ಆದರೆ ‘ತನಕ’ ಎಂದರೆ ಷರತ್ತು ನಿಜವಾಗುವವರೆಗೆ, ವೈಲ್ ಎಂದರೆ ನಿಜವಾಗಿರುವವರೆಗೆ; ಆದುದರಿಂದ ಸಿ ಸಂಕೇತದಲ್ಲಿ ಷರತ್ತನ್ನು ತಿರುಗಿಸಿ ಬರೆಯಬೇಕು. ತೆರೆದ ರಚನೆಗಳನ್ನು ಕಂಪೈಲರ್ ತನ್ನದೇ ಒಂದು ಪಟ್ಟಿಯಲ್ಲಿ ಪೇರಿಸಿಟ್ಟುಕೊಳ್ಳಬೇಕು. ‘ಸುತ್ತು’ ತೆರೆದಿರುವಾಗ ‘ಮುಗಿಯಿತು’ ಬಂದರೆ ಅದು ತಪ್ಪು.

ನಾಲ್ಕನೆಯ ಹೆಜ್ಜೆ: ಓಡಿಸುವ ಮೊದಲೇ ತಪ್ಪು ಹಿಡಿಯುವುದು

ಇಲ್ಲಿಯವರೆಗಿನದು ಒಂದು ಭಾನುವಾರದ ಕೆಲಸ. ಈ ಹೆಜ್ಜೆಗೆ ಇನ್ನೊಂದು ಭಾನುವಾರವನ್ನು ಮೀಸಲಿಡಿ, ಏಕೆಂದರೆ ನಮ್ಮ ಪುಟ್ಟ ಭಾಷೆ ನಂಬಿಕೆಗೆ ಅರ್ಹವಾಗುವುದು ಇಲ್ಲಿಯೇ.

ಪ್ರತಿ ಪದಕ್ಕೂ ಎರಡು ಸಂಖ್ಯೆಗಳಿವೆ: ಅದು ಸ್ಟ್ಯಾಕಿನಿಂದ ಎಷ್ಟನ್ನು ಬೇಡುತ್ತದೆ, ಎಷ್ಟನ್ನು ಕೊಡುತ್ತದೆ. ‘ಕಳೆ’ ಎರಡು ಬೇಡಿ ಒಂದು ಕೊಡುತ್ತದೆ. ‘ನಕಲು’ ಒಂದು ಬೇಡಿ ಎರಡು ಕೊಡುತ್ತದೆ. ಸಂಖ್ಯೆ ಏನನ್ನೂ ಬೇಡದೆ ಒಂದು ಕೊಡುತ್ತದೆ. ಪದಗಳ ಸಾಲೊಂದರ ಬೇಡಿಕೆಯನ್ನು ಲೆಕ್ಕ ಹಾಕಲು ‘ಬೇಡಿಕೆ’ ಮತ್ತು ‘ಎತ್ತರ’ ಎಂಬ ಎರಡು ಎಣಿಕೆಗಳನ್ನು ಸೊನ್ನೆಯಿಂದ ಆರಂಭಿಸಿ. ಮುಂದಿನ ಪದ ಬೇಡುವಷ್ಟು ಎತ್ತರ ಇಲ್ಲದಿದ್ದರೆ ಕೊರತೆಯನ್ನು ಎರಡೂ ಎಣಿಕೆಗಳಿಗೆ ಸೇರಿಸಿ. ಆಮೇಲೆ ಎತ್ತರದಲ್ಲಿ ಆ ಪದ ಬೇಡಿದ್ದನ್ನು ಕಳೆದು ಕೊಟ್ಟದ್ದನ್ನು ಕೂಡಿ. ‘ನೀರಿನ_ಸ್ಥಿತಿ’ಯನ್ನೇ ನೋಡಿ: ‘ಕಳೆ’ ಎರಡರ ಬೇಡಿಕೆಯನ್ನು ಹುಟ್ಟಿಸಿ ಎತ್ತರವನ್ನು 1ಕ್ಕೆ ತರುತ್ತದೆ, ‘ನಕಲು’ 2ಕ್ಕೆ, ‘0’ 3ಕ್ಕೆ, ‘ಕಡಿಮೆ’ ಮತ್ತೆ 2ಕ್ಕೆ, ‘ಆದರೆ’ 1ಕ್ಕೆ; ‘ದಿನದ_ನೀರು’ ಒಂದನ್ನು ಪಡೆದು ಒಂದನ್ನು ಕೊಡುತ್ತದೆ, ‘ಹೇಳು’ ಅದನ್ನೂ ತೆಗೆಯುತ್ತದೆ. ಒಟ್ಟಿನಲ್ಲಿ ಈ ಪದ ಎರಡನ್ನು ಬೇಡುತ್ತದೆ, ಏನನ್ನೂ ಉಳಿಸುವುದಿಲ್ಲ.

ಕವಲಿನ ಎರಡೂ ದಾರಿಗಳನ್ನು ಬೇರೆ ಬೇರೆಯಾಗಿ ಲೆಕ್ಕ ಹಾಕಿ. ಎರಡೂ ದಾರಿಗಳು ಎತ್ತರವನ್ನು ಒಂದೇ ಪ್ರಮಾಣದಲ್ಲಿ ಬದಲಿಸಬೇಕು, ಇಲ್ಲದಿದ್ದರೆ ಮುಂದಿನ ಪದಕ್ಕೆ ತನ್ನ ಕಾಲಡಿಯಲ್ಲಿ ಎಷ್ಟಿದೆ ಎಂಬುದೇ ತಿಳಿಯುವುದಿಲ್ಲ. ಬೇಡಿಕೆಗಳಲ್ಲಿ ಹೆಚ್ಚಿನದು ಇಡೀ ಕವಲಿನ ಬೇಡಿಕೆಯಾಗುತ್ತದೆ. ‘ಇಲ್ಲವಾದರೆ’ ಇಲ್ಲದ ಕವಲು ಎತ್ತರವನ್ನು ಬದಲಿಸುವಂತಿಲ್ಲ. ಸುತ್ತಿನ ಒಡಲೂ ಷರತ್ತನ್ನು ತೆಗೆದ ಮೇಲೆ ಎತ್ತರವನ್ನು ಇದ್ದಂತೆಯೇ ಬಿಡಬೇಕು. ಮುಖ್ಯ ಪ್ರೋಗ್ರಾಮಿನ ಬೇಡಿಕೆ ಸೊನ್ನೆಯೇ ಆಗಿರಬೇಕು. ಆಗದಿದ್ದರೆ ಕಂಪೈಲರ್ ತಾಯ್ನುಡಿಯಲ್ಲಿ ಸ್ಪಷ್ಟವಾಗಿ ಹೇಳಲಿ:

    7ನೇ ಸಾಲು: ‘ಕಳೆ’ ಪದಕ್ಕೆ ಎರಡು ಸಂಖ್ಯೆಗಳು ಬೇಕು, ಇರುವುದು ಒಂದೇ.

ಪದವೊಂದನ್ನು ಬಳಸುವ ಮೊದಲು ನಿರೂಪಿಸಿರಬೇಕು, ತನ್ನನ್ನು ತಾನೇ ಕರೆಯಬಾರದು ಎಂದು ನಿಯಮ ಮಾಡಿದರೆ ಈ ಪರೀಕ್ಷೆ ಒಂದೇ ಓದಿನಲ್ಲಿ ಮುಗಿಯುತ್ತದೆ. ಸ್ವಕರೆಯನ್ನು ಬಿಟ್ಟುಕೊಟ್ಟದ್ದಕ್ಕೆ ದೊಡ್ಡ ಪ್ರತಿಫಲವೂ ಇದೆ. ಸುತ್ತುಗಳು ಎತ್ತರವನ್ನು ಬದಲಿಸದ ಕಾರಣ ಇಡೀ ಪ್ರೋಗ್ರಾಂ ಮುಟ್ಟುವ ಗರಿಷ್ಠ ಎತ್ತರವನ್ನು ಕಂಪೈಲರ್ ಮೊದಲೇ ತಿಳಿಯಬಲ್ಲದು. ಪ್ರತಿ ಪದಕ್ಕೆ ಗರಿಷ್ಠ ಎತ್ತರ ಎಂಬ ಮೂರನೆಯ ಸಂಖ್ಯೆಯನ್ನು ಸೇರಿಸಿ. ಮೇಲಿನ ಲೆಕ್ಕದಲ್ಲಿ ಕೊರತೆಯನ್ನು ಸೇರಿಸುವಾಗಲೆಲ್ಲ ಅದನ್ನೂ ಅಷ್ಟೇ ಏರಿಸಬೇಕು ಎಂಬುದನ್ನು ಮರೆಯಬೇಡಿ. ನಮ್ಮ ಅಣೆಕಟ್ಟೆಯ ಪ್ರೋಗ್ರಾಮಿಗೆ ಅದು 3. ಹಾಗಾಗಿ ಸಿ ಕಡತದ ಅರೇಗೆ ಮೂರೇ ಮನೆಗಳು ಸಾಕು; ಸ್ಟ್ಯಾಕ್ ತುಂಬಿತೇ, ಬರಿದಾಯಿತೇ ಎಂದು ಓಡುವಾಗ ಒಮ್ಮೆಯೂ ಪರೀಕ್ಷಿಸಬೇಕಿಲ್ಲ.

ಕೊನೆಯ ಹೆಜ್ಜೆ: ಜಿಸಿಸಿಗೆ ಒಪ್ಪಿಸುವುದು

ಮೊದಮೊದಲು ಜಿಸಿಸಿಯ ಎಲ್ಲ ಎಚ್ಚರಿಕೆಗಳನ್ನೂ, ವಿಳಾಸದೋಷ ಮತ್ತು ಅನಿರ್ದಿಷ್ಟ ವರ್ತನೆಗಳನ್ನು ಹಿಡಿಯುವ ಎರಡು ಸ್ಯಾನಿಟೈಜರ್‌ಗಳನ್ನೂ ಚಾಲೂ ಮಾಡಿಕೊಂಡೇ ಕಂಪೈಲ್ ಮಾಡಿ. 64 ಬಿಟ್‌ನ ಮಿತಿಯನ್ನು ಮೀರಿದ ಗುಣಾಕಾರವನ್ನೂ ಎರಡನೆಯ ಸ್ಯಾನಿಟೈಜರ್ ತೋರಿಸಿಕೊಡುತ್ತದೆ. ಪ್ರತಿ ಪದದ ಸಿ ಸಂಕೇತಕ್ಕೂ ಮೊದಲು ಹ್ಯಾಶ್ ಚಿಹ್ನೆಯ ‘ಲೈನ್’ ನಿರ್ದೇಶನದೊಂದಿಗೆ ಪೇರು ಕಡತದ ಹೆಸರನ್ನೂ ಮೊದಲ ಹೆಜ್ಜೆಯಲ್ಲಿ ಉಳಿಸಿಕೊಂಡ ಸಾಲಿನ ಸಂಖ್ಯೆಯನ್ನೂ ಬರೆಯಿರಿ. ಆಗ ಜಿಸಿಸಿಯ ದೂರುಗಳೂ ಡಿಬಗರಿನ ಹೆಜ್ಜೆಗಳೂ ನಾವು ಬರೆಯದ ಸಿ ಕಡತವನ್ನು ಬಿಟ್ಟು ನಾವು ಬರೆದ ಕನ್ನಡದ ಸಾಲುಗಳನ್ನೇ ತೋರಿಸುತ್ತವೆ.

ಎಲ್ಲವೂ ಸರಿಯಿದ್ದರೆ ಮೇಲಿನ ಪ್ರೋಗ್ರಾಂ ‘ಏರಿಕೆ 2160000000’ ಎಂದು ಬರೆಯುತ್ತದೆ. ಕೊನೆಯ ಸಾಲನ್ನು ‘೨೦೦೦ ೮೦೦೦ ನೀರಿನ_ಸ್ಥಿತಿ’ ಎಂದು ಕನ್ನಡ ಅಂಕಿಗಳಲ್ಲಿ ಬದಲಿಸಿ ಓಡಿಸಿ. ‘ಇಳಿಕೆ -518400000’ ಎಂದು ಬರಬೇಕು. ‘ಏರಿಕೆ 518400000’ ಎಂದು ಬಂದರೆ ಎರಡನೆಯ ಹೆಜ್ಜೆಗೆ ಹಿಂದಿರುಗಿ, ‘ಕಳೆ’ ಪದಕ್ಕೆ ಬರೆದ ಸಿ ಸಂಕೇತದಲ್ಲಿ ಯಾವ ಮನೆಯಿಂದ ಯಾವುದನ್ನು ಕಳೆದಿದ್ದೀರಿ ಎಂದು ನೋಡಿ.